ಎಳಸು ಕೃತಿಯೂ ಮಾಗಿದ ಕೃತಿಯೂ

ಸಂಗೀತಗಾರರ ಕೃತಿಗಳನ್ನು ಕುರಿತು ಮಾತು ಬಂದಾಗ ವಿದ್ಯಾವಂತರ ವಲಯದಲ್ಲಿ ಒಂದು ತೀರ್ಮಾನವು ಬಹುಕಾಲದಿಂದ ರೂಢಿಯಾಗಿ ನಿಂತಿದೆ. ಮೊದಮೊದಲಿನ ಕೃತಿಗಳು ಎಳಸು, ಕಡೆಯವು ಪಕ್ವ. ಮೊದಲಿನವು ಅಭ್ಯಾಸ, ಕಡೆಯವು ಸಿದ್ಧಿ. ಆದುದರಿಂದ ರಸಿಕನಾದವನು ಕಡೆಯ ಕೃತಿಗಳನ್ನು ಹಿಡಿದರೆ ಸಾಕು, ಮೊದಲಿನವನ್ನು ಚರಿತ್ರೆ ಬರೆಯುವವರಿಗೆ ಬಿಟ್ಟುಕೊಡಬಹುದು ಎಂಬುದೇ ಆ ತೀರ್ಮಾನ. ಮೇಲುನೋಟಕ್ಕೆ ಇದು ನಿರ್ವಿವಾದವಾಗಿಯೇ ತೋರುತ್ತದೆ. ವಯಸ್ಸಿನೊಡನೆ ಅನುಭವ, ಅನುಭವದೊಡನೆ ಕಲೆ ಬೆಳೆಯುತ್ತದೆಂಬುದನ್ನು ಅಲ್ಲಗಳೆಯುವವರು ಯಾರು? ಆದರೆ ವಿದ್ಯಾಸಂಸ್ಥೆಯೊಂದು ಈ ತೀರ್ಮಾನವನ್ನು ಒರೆಗೆ ಹಚ್ಚದೆ ಸ್ವೀಕರಿಸಿದರೆ ಅದರ ಪರಿಣಾಮವು ಸಂಗೀತದ ಮೇಲಷ್ಟೇ ಆಗಿ ನಿಲ್ಲುವುದಿಲ್ಲ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹಾಡಿದುದನ್ನೋ ಬರೆದುದನ್ನೋ ಅಧ್ಯಾಪಕರು ಯಾವ ಕಿವಿಯಿಂದ ಕೇಳುತ್ತಾರೆಂಬುದು ಕೂಡ ಇದರಿಂದಲೇ ನಿರ್ಧಾರವಾಗುತ್ತದೆ.

ಚನ್ನಗಿರಿ ಸೀಮೆಯ ಅಡಕೆ ಬೆಳೆಗಾರನು ಈ ತೀರ್ಮಾನವನ್ನು ಕೇಳಿದರೆ ನಕ್ಕಾನು. ಹದವರಿತು ಎಳೆಯದಾಗಿಯೇ ಕೊಯ್ದು, ಸುಲಿದು, ಬೇಯಿಸಿ, ಚೊಗರು ಕೊಟ್ಟು ಒಣಗಿಸಿದ ಹಸ ಅಡಕೆಗೆ ಮಂಡಿಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಧಾರಣೆ. ಬಲಿತು ಮಾಗಿಹೋದ ಗೊರಬಲಿಗೆ ಎಲ್ಲಕ್ಕಿಂತ ಕಡಿಮೆ. ಅದೇ ಮಾತನ್ನು ಜಗಳೂರಿನ ಬೆದ್ದಲು ಹೊಲದ ರೈತನಿಗೆ ಹೇಳಿದರೆ ಅವನು ಒಪ್ಪುವುದಿಲ್ಲ, ಒಪ್ಪಲೂಬಾರದು. ತೆನೆ ಬಲಿಯುವ ಮುನ್ನ ಕೊಯ್ದವನಿಗೆ ಮೇವಷ್ಟೇ ಮಿಕ್ಕೀತು. ಎಲ್ಲ ಬೆಳೆಗೂ ಒಂದೇ ನ್ಯಾಯವಿಲ್ಲವೆಂಬುದನ್ನು ನೆಲದ ಮೇಲೆ ನಿಂತವರು ಬಲ್ಲರು. ಕಲೆಯ ವಿಚಾರದಲ್ಲಿ ಮಾತ್ರ ಪಂಡಿತರು ಒಂದೇ ತೂಕದ ಕಲ್ಲನ್ನು ಹಿಡಿದು ಎಲ್ಲವನ್ನೂ ತೂಗುತ್ತ ಬಂದಿದ್ದಾರೆ.

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಈ ಸೀಮೆಯಷ್ಟು ಅನುಕೂಲವಾದ ಎಡೆ ಮತ್ತೊಂದಿರಲಾರದು. ಚನ್ನಗಿರಿ, ಹೊನ್ನಾಳಿ, ಆಗ ಹೊನ್ನಾಳಿಗೇ ಸೇರಿದ್ದ ನ್ಯಾಮತಿ ಇವು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದು ಆ ವರ್ಷ ದಾವಣಗೆರೆ ಜಿಲ್ಲೆಗೆ ಸೇರಿದವು. ಅದಕ್ಕೂ ಹಿಂದೆ ಇವೆಲ್ಲ ಮೈಸೂರು ಸಂಸ್ಥಾನದ ಬಡಗಣ ಅಂಚು. ತುಂಗಭದ್ರೆಯನ್ನು ದಾಟಿದರೆ ಮುಂಬಯಿ ಆಧಿಪತ್ಯ. ಜಗಳೂರಿನ ಗಡಿ ಕಳೆದರೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ. ತೆಂಕಣಿಂದ ಮೈಸೂರಿನ ಕೀರ್ತನೆಗಳ ಸಂಗೀತವೂ ಬಡಗಣಿಂದ ಧಾರವಾಡ–ಗದಗುಗಳ ಖಯಾಲು, ನಾಟಕಸಂಗೀತ, ವಚನಗಾಯನಗಳೂ ಬಂದು ಕೂಡಿದ ನೆಲವಿದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು (1892–1944) ಹಾಗೂ ಪುಟ್ಟರಾಜ ಗವಾಯಿಗಳು (1914–2010) ತಯಾರು ಮಾಡಿದ ಶಿಷ್ಯರು ಹಾರ್ಮೋನಿಯಂ ಹಿಡಿದು ಇಲ್ಲಿಯ ಮಠಗಳಿಗೂ ಶಾಲೆಗಳಿಗೂ ಬಂದರು. ಇತ್ತ ಜೂನಿಯರ್, ಸೀನಿಯರ್ ಪರೀಕ್ಷೆಗಳಿಗೆ ಮಕ್ಕಳನ್ನು ಕೂರಿಸುವ ಕರ್ನಾಟಕ ಸಂಗೀತದ ಅಧ್ಯಾಪಕರೂ ಬೇರೂರಿದರು. ಆದುದರಿಂದ ಎರಡೂ ಕಡೆಯ ನಿದರ್ಶನಗಳು ಇಲ್ಲಿಯವರಿಗೆ ಮನೆಯ ಮಾತೇ ಆಗಿವೆ.

ಬಡಗಣ ನಿದರ್ಶನವನ್ನು ಮೊದಲು ನೋಡಬಹುದು. ಮಲ್ಲಿಕಾರ್ಜುನ ಮನಸೂರರು ಧಾರವಾಡದ ಬಳಿಯ ಮನಸೂರಿನಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದರು. ಎಳವೆಯಲ್ಲಿಯೇ ನಾಟಕ ಕಂಪನಿ ಸೇರಿ, ಅನಂತರ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತರು. ಇಪ್ಪತ್ತನಾಲ್ಕರ ಹೊತ್ತಿಗೆ ಅವರ ಧ್ವನಿಮುದ್ರಿಕೆಗಳು ಮಾರಾಟವಾಗುತ್ತಿದ್ದವು, ಹೆಸರು ಊರೂರಿಗೆ ಮುಟ್ಟಿತ್ತು. ಅಂಥವರು 1935ರ ಸುಮಾರಿಗೆ ಮುಂಬಯಿಯಲ್ಲಿ ಉಸ್ತಾದ್ ಮಂಜೀಖಾನರ ಮುಂದೆ ಮತ್ತೆ ಶಿಷ್ಯನಾಗಿ ಕುಳಿತರು. ಮಂಜೀಖಾನರು ಜಯಪುರ–ಅತ್ರೌಲಿ ಘರಾಣೆಯ ಅಲ್ಲಾದಿಯಾಖಾನರ ಮಗ. 1937ರಲ್ಲಿ ಅವರು ತೀರಿಕೊಂಡ ಮೇಲೆ ಮನಸೂರರು ಅವರ ತಮ್ಮ ಭುರ್ಜೀಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಮುಂದಿನ ಕಥೆ ಎಲ್ಲರಿಗೂ ತಿಳಿದುದೇ. ಪದ್ಮಶ್ರೀ 1970ರಲ್ಲಿ, ಪದ್ಮಭೂಷಣ 1976ರಲ್ಲಿ, ಪದ್ಮವಿಭೂಷಣ ಅವರು ಕಣ್ಮುಚ್ಚಿದ 1992ರಲ್ಲಿಯೇ ಬಂದವು. ಅರುವತ್ತು ದಾಟಿದ ಮೇಲೆ ದೇಶವು ಅವರನ್ನು ಕಂಡುಕೊಂಡಿತೆಂದರೆ ಅತಿಶಯೋಕ್ತಿಯಲ್ಲ. ಪರಿಪಕ್ವತೆಯ ಪಕ್ಷವನ್ನು ಹಿಡಿದವರಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇರೆ ಬೇಕೆ?

ಹಿಂದೂಸ್ಥಾನಿ ಪದ್ಧತಿಯಲ್ಲಿ ಹಾಡುವವನನ್ನು ಕೃತಿಕಾರನೆನ್ನಬಹುದೇ ಎಂದು ಯಾರಾದರೂ ಇಲ್ಲಿ ತಡೆಯಬಹುದು. ಬಂದಿಶಿನ ನಾಲ್ಕು ಸಾಲು ಹಿಂದಿನವರದು, ನಿಜ. ಅದರ ಮೇಲೆ ಕಟ್ಟುವ ಮುಕ್ಕಾಲು ಗಂಟೆಯ ಸೌಧ ಹಾಡುವವನದೇ. ವಚನಗಳಿಗೆ ಮನಸೂರರು ಕೂರಿಸಿದ ಧಾಟಿಗಳಂತೂ ನೇರವಾಗಿ ಅವರ ರಚನೆಗಳು.

ಈಗ ಅವರ ಹಳೆಯ 78 ಸುತ್ತಿನ ತಟ್ಟೆಗಳನ್ನೂ ಎಪ್ಪತ್ತು–ಎಂಬತ್ತರ ದಶಕಗಳ ಕಛೇರಿಗಳನ್ನೂ ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ಕೇಳಬೇಕು. ತಟ್ಟೆಯ ಒಂದು ಮಗ್ಗುಲಿಗೆ ಮೂರು ಮಿನಿಟಿನ ಆಸುಪಾಸು. ಅಷ್ಟರಲ್ಲಿ ರಾಗದ ಮುಖವನ್ನು ತೋರಿಸಿ, ಮಾತನ್ನು ಸ್ಪಷ್ಟವಾಗಿ ಹೇಳಿ, ತಾನುಗಳನ್ನು ಹಾರಿಸಿ, ಸಮಕ್ಕೆ ಬಂದು ಮುಗಿಸಬೇಕು. ತರುಣ ಮನಸೂರರ ಕಂಠ ಅಲ್ಲಿ ಏರುಶ್ರುತಿಯಲ್ಲಿ, ಚುರುಕಾಗಿ, ಎಲ್ಲಿಯೂ ತಡವರಿಸದೆ ಓಡುತ್ತದೆ. ಮುಪ್ಪಿನ ಕಛೇರಿಗಳಲ್ಲಿ ಕೇಳುವುದು ಬೇರೆಯೇ ಸಂಗೀತ. ಕಂಠ ಸವೆದಿದೆ, ಅಲ್ಲಲ್ಲಿ ಒರಟಾಗಿದೆ; ಆದರೆ ಒಂದು ಸ್ವರಗುಚ್ಛದ ಬಾಲವನ್ನು ಮತ್ತೊಂದರ ತಲೆಗೆ ಹೆಣೆಯುತ್ತ ಉಸಿರು ಕಡಿಯದೆ ಸಾಗುವ ಆ ಬಗೆ, ಲಯದ ಮೇಲಿನ ಆ ನಿಶ್ಚಿಂತೆ, ಶಿವಮತ ಭೈರವ, ಏಕನಿಷಾದ ಬಿಹಾಗಡಾ, ಬಹಾದುರಿ ತೋಡಿಗಳಂಥ ಅಪರೂಪದ ರಾಗಗಳಲ್ಲಿ ಮನೆಯ ಅಂಗಳದಲ್ಲಿ ಓಡಾಡಿದಂತೆ ಓಡಾಡುವ ಸಲುಗೆ ಇವು ತಟ್ಟೆಗಳಲ್ಲಿ ಇಲ್ಲ. ಇರಲು ಸಾಧ್ಯವೂ ಇರಲಿಲ್ಲ. ಆದರೆ ತಟ್ಟೆಗಳಲ್ಲಿ ಇದ್ದುದು ಕಛೇರಿಗಳಲ್ಲಿ ಉಳಿಯಿತೇ? ಮೂರು ಮಿನಿಟಿನಲ್ಲಿ ಒಂದು ರಾಗವನ್ನು ಪೂರ್ಣವಾಗಿ ಹೇಳಿ ಮುಗಿಸುವ ಅಡಕ, ಶ್ರೋತೃವಿನೊಡನೆ ನೇರವಾಗಿ ಮಾತಾಡುವ ಹರೆಯದ ಧೈರ್ಯ, ಮಾತಿನ ಸೊಗಸಿನಲ್ಲಿ ಮೈಮರೆಯುವ ನಾಟಕರಂಗದ ರುಚಿ ಇವು ಅಲ್ಲಿಗೇ ಮುಗಿದವು. ಒಂದು ಮತ್ತೊಂದರ ಕೆಳಗಿನ ಮೆಟ್ಟಿಲಲ್ಲ. ಇವು ಒಬ್ಬನೇ ಮನುಷ್ಯನ ಎರಡು ಮನೆಗಳು. ಕೆಳಗಿನ ಮನೆಯಲ್ಲಿ ಈಗ ಯಾರೂ ಹೆಜ್ಜೆಯಿಡುವುದಿಲ್ಲವೆಂಬುದೇ ಖೇದದ ಸಂಗತಿ.

ತೆಂಕಣ ನಿದರ್ಶನ ಇನ್ನೂ ವಿಸ್ಮಯಕರವಾದುದು. ಅದು ಮೈಸೂರು ಅರಮನೆಯಿಂದ ಲಂಡನ್ನಿನವರೆಗೆ ಚಾಚುತ್ತದೆ. ಈ ಸೀಮೆಯವರು ಪ್ರಜೆಗಳಾಗಿದ್ದ ಸಂಸ್ಥಾನದ ಕೊನೆಯ ಅರಸರಾದ ಜಯಚಾಮರಾಜೇಂದ್ರ ಒಡೆಯರು (1919–1974) ತಾರುಣ್ಯದಲ್ಲಿ ಪಾಶ್ಚಾತ್ಯ ಪಿಯಾನೋ ವಾದನವನ್ನು ಗಂಭೀರವಾಗಿ ಅಭ್ಯಾಸ ಮಾಡಿದವರು. 1940ರಲ್ಲಿ ಪಟ್ಟವೇರದೆ ಹೋಗಿದ್ದರೆ ವಾದಕರೇ ಆಗುತ್ತಿದ್ದರೇನೋ. ರಷ್ಯದಿಂದ ಹೊರಬಿದ್ದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ಸಂಗೀತಕಾರನ ಕೃತಿಗಳು ಅವರಿಗೆ ಅತ್ಯಂತ ಪ್ರಿಯವಾಗಿದ್ದವು. ಲೋಕವು ಬಹುಮಟ್ಟಿಗೆ ಮರೆತಿದ್ದ ಈತನ ಕೃತಿಗಳನ್ನು ಆತನೇ ನುಡಿಸಿ ಮುದ್ರಿಸುವಂತೆ ಮಹಾರಾಜರು ಹಣ ಒದಗಿಸಿದರು. ಅದಕ್ಕಾಗಿ ಮೆಟ್ನರ್ ಸೊಸೈಟಿಯೂ ಸ್ಥಾಪಿತವಾಯಿತು. ಕೃತಜ್ಞತೆಯಿಂದ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಗಮನಿಸಬೇಕಾದ ಅಂಶವೆಂದರೆ ಅವನು ಮುದ್ರಿಸಿದುದು ಅರ್ಪಿತವಾದ ಆ ಮುಪ್ಪಿನ ಕೃತಿಯೊಂದನ್ನೇ ಅಲ್ಲ. ಮೂವತ್ತರ ಹರೆಯದಲ್ಲಿ ಆರಂಭಿಸಿದ ಮೊದಲನೆಯ ಕಾನ್ಸರ್ಟೊವನ್ನೂ ನಡುವಿನ ಎರಡನೆಯದನ್ನೂ ಅದೇ ಕೈಗಳಿಂದ ನುಡಿಸಿದನು. ಹೃದ್ರೋಗದಿಂದ ಬಳಲುತ್ತಿದ್ದ, ಎಪ್ಪತ್ತನ್ನು ಸಮೀಪಿಸಿದ ಆ ವೃದ್ಧ ತನ್ನ ಹರೆಯದ ಕೃತಿಯನ್ನು ನುಡಿಸಿದಾಗ ಅದನ್ನು ಅಭ್ಯಾಸಪುಸ್ತಕವೆಂದು ಬಗೆದಿರಲಿಲ್ಲ. 1951ರಲ್ಲಿ ಅವನು ತೀರಿಕೊಂಡನು.

ಅದೇ ಕಾಲದ ಮತ್ತೊಂದು ಪ್ರಸಂಗವನ್ನು ಪಾಶ್ಚಾತ್ಯ ಸಂಗೀತದ ಚರಿತ್ರೆ ಬರೆದವರು ಮರೆಯದೆ ನಮೂದಿಸಿದ್ದಾರೆ. ಜರ್ಮನಿಯ ರಿಚರ್ಡ್ ಸ್ಟ್ರೌಸ್ (1864–1949) ಎಂಬತ್ತನಾಲ್ಕರ ಆಸುಪಾಸಿನಲ್ಲಿ, ಅಂದರೆ 1948ರಲ್ಲಿ, ನಾಲ್ಕು ಹಾಡುಗಳನ್ನು ವಾದ್ಯವೃಂದದೊಡನೆ ರಚಿಸಿದನು. ಅವನ್ನು ಕೇಳುವ ಮೊದಲೇ ಅವನು ಅಸು ನೀಗಿದನು. ಅವುಗಳ ಮೊದಲ ಗಾಯನವು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕರ್ಸ್ಟೆನ್ ಫ್ಲಾಗ್‌ಸ್ಟಾಡಳ ಕಂಠದಲ್ಲಿ, ಫುರ್ಟ್‌ವೆಂಗ್ಲರನ ನಿರ್ದೇಶನದಲ್ಲಿ ನಡೆಯಿತು. ಅದರ ಖರ್ಚಿಗೆ ಜಾಮೀನಾಗಿ ನಿಂತವರು ಮೈಸೂರಿನ ಮಹಾರಾಜರು. ತಾವು ಹೋಗಲಾಗದ ಆ ಕಛೇರಿಯ ಧ್ವನಿಮುದ್ರಣವನ್ನು ಅವರು ಮೈಸೂರಿಗೆ ತರಿಸಿಕೊಂಡರು. ಚಾಮುಂಡಿಬೆಟ್ಟದ ನೆರಳಿನಲ್ಲಿ ಕುಳಿತ ದೊರೆಯೊಬ್ಬರು ಯುರೋಪಿನ ಮುದುಕನೊಬ್ಬನ ಕಡೆಯ ಮಾತನ್ನು ಲೋಕಕ್ಕೆ ಕೇಳಿಸಿದರೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಆದರೆ ಕನ್ನಡನಾಡಿನ ಶಾಲಾಪುಸ್ತಕಗಳಲ್ಲಿ ಇದನ್ನು ಹುಡುಕಿದರೂ ಕಾಣುವುದು ದುರ್ಲಭ.

ಈ ಹಾಡುಗಳನ್ನೇ ಪಕ್ವತೆಯ ಪರಮಾವಧಿಯೆಂದು ಎತ್ತಿ ಹಿಡಿಯುವವರಿದ್ದಾರೆ. ಎತ್ತಿ ಹಿಡಿಯಲಿ, ಹಾಡುಗಳು ಅದಕ್ಕೆ ಯೋಗ್ಯವಾಗಿಯೇ ಇವೆ. ಆದರೆ ಸಂಜೆಯ ಕೆಂಪನ್ನು ಕುರಿತ ಅವುಗಳಲ್ಲೊಂದು ಹಾಡಿನ ಅಂತ್ಯದಲ್ಲಿ, ದಂಪತಿಗಳಿಬ್ಬರು ಇದೇ ಮರಣವಾಗಿರಬಹುದೇ ಎಂದು ಕೇಳಿಕೊಳ್ಳುವ ಕ್ಷಣದಲ್ಲಿ, ವಾದ್ಯಗಳಿಂದ ಏಳುವ ಸ್ವರಪಂಕ್ತಿ ಯಾವುದು? ಅದು 1889ರಲ್ಲಿ ಅದೇ ಸ್ಟ್ರೌಸ್ ಇಪ್ಪತ್ತೈದರ ತರುಣನಾಗಿ ಮರಣವನ್ನೂ ರೂಪಾಂತರವನ್ನೂ ಕುರಿತು ರಚಿಸಿದ್ದ ವಾದ್ಯಕಾವ್ಯದ ಪಂಕ್ತಿ. ಸಾವನ್ನು ಹತ್ತಿರದಿಂದ ಕಾಣದ ವಯಸ್ಸಿನಲ್ಲಿ ಊಹೆಯಿಂದ ಬರೆದುದನ್ನು, ಸಾವು ಬಾಗಿಲಲ್ಲಿ ನಿಂತಾಗ ಅವನು ಅಳಿಸಲಿಲ್ಲ, ತಿದ್ದಲಿಲ್ಲ, ಮತ್ತೆ ನುಡಿದನು. ಮೊದಲಿನದನ್ನು ಅರಿಯದವನಿಗೆ ಆ ಗಳಿಗೆಯಲ್ಲಿ ಸುಂದರವಾದ ನಾದವಷ್ಟೇ ಕೇಳಿಸುತ್ತದೆ; ಅರಿತವನಿಗೆ ಅರುವತ್ತು ವರ್ಷಗಳು ಒಟ್ಟಾಗಿ ಕೇಳಿಸುತ್ತವೆ. ಮಾಗಿದ ಕೃತಿಯೊಂದೇ ಸಾಕೆನ್ನುವವರು ಮಾಗಿದ ಕೃತಿಯನ್ನೂ ಅರ್ಧವೇ ಕೇಳುತ್ತಾರೆ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ‘ನಾಲ್ಕು ಕಡೆಯ ಹಾಡುಗಳು’ ಎಂಬ ಹೆಸರು ಸ್ಟ್ರೌಸನದಲ್ಲ, ಅವನ ಮರಣಾನಂತರ ಪ್ರಕಾಶಕನು ಇಟ್ಟುದು. ಅವುಗಳ ತರುವಾಯ 1948ರ ನವೆಂಬರಿನಲ್ಲಿ ಅವನು ಮತ್ತೊಂದು ಹಾಡನ್ನು ಬರೆದಿದ್ದನೆಂಬುದೂ ಅದು ಬಹಿರಂಗವಾಗಿ 1985ರಲ್ಲಿ ಹಾಡಲ್ಪಟ್ಟಿತೆಂಬುದೂ ಈಗ ಗೊತ್ತಿದೆ. ‘ಮೊದಲು’, ‘ಕಡೆ’ ಎಂಬ ಹಣೆಪಟ್ಟಿಗಳನ್ನು ಅಂಟಿಸುವವರು ಹೆಚ್ಚಾಗಿ ಕೃತಿಕಾರರಲ್ಲ, ಅವರ ಹಿಂದೆ ಬಂದವರು.

ಮಹಾರಾಜರ ಸ್ವಂತ ರಚನೆಗಳ ಮಾತೇನು? ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ ಅವರು ಸಂಸ್ಕೃತದಲ್ಲಿ ರಚಿಸಿದ 94 ಕೃತಿಗಳು ದೊರೆತಿವೆ. ಅವು ಹುಟ್ಟಿದುದು 1940ರ ದಶಕದ ನಡುವಣ ಕೆಲವೇ ವರ್ಷಗಳಲ್ಲಿ, ಅವರಿಗೆ ಮೂವತ್ತು ತುಂಬುವ ಮೊದಲೇ. ಅವರ ಬಾಳಿನಲ್ಲಿ ‘ಪಕ್ವಕಾಲದ ಕೃತಿ’ ಎಂಬ ಭಾಗವೇ ಇಲ್ಲ. ಸ್ವಾತಿ ತಿರುನಾಳರು ಮೂವತ್ತಮೂರಕ್ಕೆ, ವಿಯೆನ್ನಾದ ಷೂಬರ್ಟ್ ಮೂವತ್ತೊಂದಕ್ಕೆ ಕಾಲವಾದರು. ಇವರೆಲ್ಲರನ್ನೂ ಎಳಸೆಂದು ಬದಿಗಿರಿಸುವ ಎದೆಗಾರಿಕೆ ಯಾವ ವಿಮರ್ಶಕನಿಗೂ ಇಲ್ಲ. ಆಗ ಅವನು ಅಲ್ಪಾಯುಷಿಗಳಿಗೆ ಪಕ್ವತೆ ಬೇಗ ಬರುತ್ತದೆಂಬ ಹೊಸದೊಂದು ನಿಯಮವನ್ನು ಸೃಷ್ಟಿಸುತ್ತಾನೆ! ಷೂಬರ್ಟನು ಎಪ್ಪತ್ತು ವರ್ಷ ಬದುಕಿದ್ದರೆ ಅದೇ ಹಾಡುಗಳನ್ನು ಇದೇ ವಿಮರ್ಶಕನು ಬಾಲಕೃತಿಗಳೆನ್ನುತ್ತಿದ್ದನು.

ಮೈಸೂರು ವಾಸುದೇವಾಚಾರ್ಯರು (1865–1961) ಇದಕ್ಕೆ ತದ್ವಿರುದ್ಧ. ತೊಂಬತ್ತರ ವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರದಲ್ಲಿ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಕೂಡಿಸಿದರು. ವಯಸ್ಸು ಕಲೆಯನ್ನು ಒಣಗಿಸುತ್ತದೆಂಬ ಮಾತಿಗೆ ಆ ಒಬ್ಬರೇ ಉತ್ತರ.

ಕರ್ನಾಟಕ ಸಂಗೀತದಲ್ಲಿ ಈ ಪ್ರಶ್ನೆಗೆ ಒಂದು ವಿಶೇಷವಿದೆ. ಯುರೋಪಿನವರು ಕೃತಿಗಳಿಗೆ ಕ್ರಮಸಂಖ್ಯೆಯನ್ನೂ ತಾರೀಖನ್ನೂ ಹಚ್ಚಿದರು. ಇಲ್ಲಿಯ ವಾಗ್ಗೇಯಕಾರರು ಅಂಕಿತವನ್ನು ಹಚ್ಚಿದರೇ ಹೊರತು ತಾರೀಖನ್ನಲ್ಲ. ತ್ಯಾಗರಾಜರ ಯಾವ ಕೃತಿ ಯಾವ ವಯಸ್ಸಿನದೆಂದು ಸಂಪ್ರದಾಯದ ಕೆಲವು ಹೇಳಿಕೆಗಳ ಹೊರತು ಆಧಾರವಿಲ್ಲ. ಮುತ್ತುಸ್ವಾಮಿ ದೀಕ್ಷಿತರ ಮೊದಲ ಕೃತಿ ತಿರುತ್ತಣಿಯಲ್ಲಿ ಮಾಯಾಮಾಳವಗೌಳದಲ್ಲಿ ಹುಟ್ಟಿತೆಂದು ಸಂಪ್ರದಾಯ ಹೇಳುತ್ತದೆ. ಪುರಂದರದಾಸರ ಕಾಲದಿಂದ ಸಾಗಿಬಂದುದೆಂದು ಹೇಳುವ ಕ್ರಮದಂತೆ ಮಕ್ಕಳು ಸರಳೆವರಸೆಯನ್ನು ಹಾಡುವ ರಾಗವೂ ಅದೇ. ಆ ಕೃತಿಯನ್ನು ಯಾವ ವಿದ್ವಾಂಸನೂ ಮೊದಲನೆಯದೆಂಬ ಕಾರಣಕ್ಕೆ ಲಘುವಾಗಿ ಹಾಡುವುದಿಲ್ಲ. ತಾರೀಖು ತಿಳಿಯದುದರಿಂದಲೇ ಕಿವಿ ನಿಷ್ಪಕ್ಷಪಾತವಾಗಿ ಉಳಿಯಿತೆಂದರೆ ತಪ್ಪಾಗಲಾರದು. ವಚನಗಳಿಗೂ ಈ ಮಾತು ಸಲ್ಲುತ್ತದೆ. ಸಂಪಾದಕರು ಬಸವಣ್ಣನವರ ವಚನಗಳನ್ನು ಷಟ್‌ಸ್ಥಲದ ಕ್ರಮದಲ್ಲಿ ಜೋಡಿಸಿದರೇ ಹೊರತು ವರ್ಷಗಳ ಕ್ರಮದಲ್ಲಲ್ಲ. ಭಕ್ತಸ್ಥಲದ ವಚನವೆಂದ ಮಾತ್ರಕ್ಕೆ ಅದು ಐಕ್ಯಸ್ಥಲದ ವಚನಕ್ಕಿಂತ ಕಿರಿಯ ವಯಸ್ಸಿನದೆಂದಾಗಲಿ ಕಿರಿದೆಂದಾಗಲಿ ಹಾಡುವವರು ಬಗೆಯುವುದಿಲ್ಲ.

ಆದರೆ ಎಲ್ಲ ಮೊದಲ ಕೃತಿಗಳೂ ಶ್ರೇಷ್ಠವೆಂಬ ವಾದ ಇಲ್ಲಿಯದಲ್ಲ. ಅದು ಇನ್ನೊಂದು ಬಗೆಯ ಕುರುಡು. ಬ್ರಾಮ್ಸ್ ಎಂಬ ಜರ್ಮನ್ ಸಂಗೀತಕಾರನು ತನ್ನ ಎಳವೆಯ ಹಲವು ಕೃತಿಗಳನ್ನು ತಾನೇ ನಾಶಮಾಡಿದನು. ಅವನ್ನು ಕಳೆದುಕೊಂಡುದಕ್ಕಾಗಿ ಲೋಕವು ಅಳಬೇಕಾದ ಕಾರಣ ಕಾಣದು. ಅವನ ನಿರ್ಣಯಶಕ್ತಿ ಅಷ್ಟು ಕಠಿಣವಾಗಿತ್ತು. ಆದರೂ ಇಪ್ಪತ್ತರ ವಯಸ್ಸಿನಲ್ಲಿ ಬರೆದು 1854ರಲ್ಲಿ ಅಚ್ಚಾದ ತ್ರಿವಾದ್ಯಕೃತಿಯೊಂದನ್ನು ಅವನು 1889ರಲ್ಲಿ ಆಮೂಲಾಗ್ರವಾಗಿ ತಿದ್ದಿ ಬರೆದಾಗ ಹಳೆಯದನ್ನು ಹಿಂತೆಗೆದುಕೊಳ್ಳಲಿಲ್ಲ, ಎರಡೂ ಉಳಿದುವು. ಇಂದು ವಾದಕರು ಹೆಚ್ಚಾಗಿ ನುಡಿಸುವುದು ತಿದ್ದಿದುದನ್ನೇ. ಅದು ಬಿಗಿಯಾಗಿದೆ, ಅನಾವಶ್ಯಕವಾದುದು ಒಂದೂ ಇಲ್ಲ. ಏನನ್ನು ಬಿಡಬೇಕೆಂಬ ಅರಿವೇ ವಯಸ್ಸು ಕೊಡುವ ದೊಡ್ಡ ಕಾಣಿಕೆ. ಹಳೆಯದರಲ್ಲಿ ಬಿಡದೆ ಉಳಿಸಿಕೊಂಡ ಸಮೃದ್ಧಿಯೂ ಅಲೆದಾಟವೂ ಇವೆ. ಅದರಲ್ಲಿ ಸುಖಪಡುವವರೂ ಇದ್ದಾರೆ. ಕನ್ನಡದಲ್ಲಿ ಬೇಂದ್ರೆಯವರ ಸಂಗತಿ ಎಲ್ಲರಿಗೂ ಗೊತ್ತಿದೆ. 1973ರ ಜ್ಞಾನಪೀಠ ಬಂದುದು 1964ರ ‘ನಾಕುತಂತಿ’ಗೆ, ಹಳ್ಳಿಹಳ್ಳಿಯ ಶಾಲೆಗಳಲ್ಲಿ ಮಕ್ಕಳ ಬಾಯಲ್ಲಿ ಉಳಿದುದು ಹೆಚ್ಚಾಗಿ 1932ರ ‘ಗರಿ’ಯ ಕಾಲದ ಹಾಡುಗಳು. ಪ್ರಶಸ್ತಿ ಕೊಟ್ಟವರೂ ತಪ್ಪಲಿಲ್ಲ, ಮಕ್ಕಳೂ ತಪ್ಪಲಿಲ್ಲ.

ಶಾಲೆಗಳ ವಿಷಯಕ್ಕೆ ಬಂದರೆ, ತಪ್ಪು ನಡೆಯುತ್ತಿರುವುದು ಪಾಠಕ್ರಮದ ಕಲ್ಪನೆಯಲ್ಲಿ. ಸುಲಭವೆಂದು ತೋರಿದ ಕೃತಿಗಳನ್ನು ಕೆಳಗಿನ ತರಗತಿಗೆ ಕೊಟ್ಟು, ಮಕ್ಕಳು ಮುಂದಿನ ಪರೀಕ್ಷೆಗೆ ಹೋದೊಡನೆ ಅವನ್ನು ಚಿಕ್ಕವಾದ ಅಂಗಿಯಂತೆ ಕಳಚಿಹಾಕಲಾಗುತ್ತದೆ. ಪಿಳ್ಳಾರಿಗೀತೆಯನ್ನು ದೊಡ್ಡವರಾರೂ ಹಾಡುವುದಿಲ್ಲ. ಆದುದರಿಂದ ಅದು ಹಾಡತಕ್ಕದ್ದೇ ಅಲ್ಲವೆಂದು ಮಗು ಸಹಜವಾಗಿ ತಿಳಿಯುತ್ತದೆ. ಇದಕ್ಕಿಂತ ಹಾನಿಕರವಾದುದು, ವಾರ್ಷಿಕೋತ್ಸವದ ಸ್ಪರ್ಧೆಗಳಲ್ಲಿ ತೀರ್ಪುಗಾರರು ಉಚ್ಚರಿಸುವ ‘ಇನ್ನೂ ಪಕ್ವವಾಗಬೇಕು’ ಎಂಬ ಮಾತು. ಹದಿಮೂರರ ಮಗು ಪಕ್ವವಾಗಬೇಕೆಂಬುದು ಹೇಳಿ ತಿಳಿಸಬೇಕಾದ ಸಂಗತಿಯೇ? ಆ ಮಗು ಆ ಹೊತ್ತಿನಲ್ಲಿ ಏನನ್ನು ಮಾಡಿತು, ಎಲ್ಲಿ ಸ್ವರ ತಾನಾಗಿ ಮೇಲೆದ್ದಿತು, ಎಲ್ಲಿ ಕಲಿಸಿದುದನ್ನಷ್ಟೇ ಒಪ್ಪಿಸಿತು ಎಂಬುದನ್ನು ಹೇಳುವ ತೀರ್ಪುಗಾರರು ವಿರಳ. ಹಾಗೆ ಹೇಳಬೇಕಾದರೆ ಎಳಸಾದುದನ್ನು ಎಳಸಾಗಿಯೇ ಕೇಳುವ ಅಭ್ಯಾಸವಿರಬೇಕು. ಆ ಅಭ್ಯಾಸವು ದೊಡ್ಡವರ ಮೊದಲ ಕೃತಿಗಳನ್ನು ಕೇಳದವರಿಗೆ ಬರುವಂತಿಲ್ಲ.

ಇದಕ್ಕೆ ಅಪಾರ ಧನವೇನೂ ಬೇಕಾಗಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಶಾಲೆಗಳಲ್ಲಿ ಶನಿವಾರದ ಬೆಳಗಿನ ತರಗತಿಗಳು ಮುಗಿದ ಮೇಲೆ ಒಂದು ಗಂಟೆ ಕೇಳುವ ಗಂಟೆಯೆಂದು ಗೊತ್ತುಪಡಿಸಬಹುದು. ಒಂದು ವಾರ ತರುಣ ಮನಸೂರರ ಮೂರು ಮಿನಿಟಿನ ತಟ್ಟೆಯೊಂದು, ಅದರ ಹಿಂದೆಯೇ ವೃದ್ಧ ಮನಸೂರರ ಅರ್ಧ ಗಂಟೆ. ಇನ್ನೊಂದು ವಾರ ಸ್ಟ್ರೌಸನ ಇಪ್ಪತ್ತೈದರದು, ಎಂಬತ್ತನಾಲ್ಕರದು. ಯಾವುದು ಮೊದಲಿನದು, ಯಾವುದು ಕಡೆಯದು ಎಂಬುದನ್ನು ಮೊದಲೇ ಹೇಳದೆ ಕೇಳಿಸಿ, ಮಕ್ಕಳೇ ಗುರುತಿಸಲಿ. ತಪ್ಪಿ ಗುರುತಿಸಿದರೆ ಏಕೆ ಹಾಗೆ ತೋರಿತೆಂದು ಕೇಳಲಿ. ಧ್ವನಿಮುದ್ರಣಗಳು ಈಗ ಅಂಗೈಯ ದೂರವಾಣಿಯಲ್ಲಿಯೇ ಸಿಕ್ಕುತ್ತವೆ. ಒಂದು ಒಳ್ಳೆಯ ಧ್ವನಿವರ್ಧಕವನ್ನು ಮಾತ್ರ ಯಾರಾದರೂ ದಾನಿಗಳು ಒದಗಿಸಬೇಕು. ಹಳೆಯ ವಿದ್ಯಾರ್ಥಿಗಳ ಮನೆಗಳ ಅಟ್ಟದಲ್ಲಿ ಅಜ್ಜಂದಿರ ಕಾಲದ ನಾಟಕದ ತಟ್ಟೆಗಳೂ ಊರಿನ ಭಜನಾಮಂಡಳಿಯನ್ನು ಮುದ್ರಿಸಿದ ಕ್ಯಾಸೆಟ್ಟುಗಳೂ ಉಳಿದಿದ್ದರೆ ಅವು ಗುಜರಿಗೆ ಹೋಗುವ ಮುನ್ನ ಶಾಲೆಗೆ ಬರಲಿ. ಜೊತೆಗೆ, ಪ್ರತಿ ವರ್ಷ ಏಳನೆಯ ತರಗತಿಯ ಮಕ್ಕಳ ಗಾಯನವನ್ನು ಮುದ್ರಿಸಿ, ಹೆಸರು ತಾರೀಖುಗಳನ್ನು ಬರೆದು ಗ್ರಂಥಾಲಯದ ಬೀರುವಿನಲ್ಲಿ ಇರಿಸುವ ಕೆಲಸವನ್ನು ಸಂಗೀತದ ಅಧ್ಯಾಪಕರು ಈ ವರ್ಷದಿಂದಲೇ ಆರಂಭಿಸಬಹುದು.